ಸೆಲ್ಫ್ ತಿರುಗತ್ತೆ, ಗಾಡಿ ಸ್ಟಾರ್ಟ್ ಆಗಲ್ಲ: ಸಾಸವಡದ ಒಂದು ಹಳೇ ಪದ್ಮಿನಿ

ಇವತ್ತಿನ ಮಾತು ಹಳೇ ಕಾರು ಇಟ್ಟುಕೊಂಡಿರೋರಿಗೆ. ಮನೆ ಮುಂದೆ ಶೆಡ್‌ನಲ್ಲಿ ಅಪ್ಪನ ಕಾಲದ ಗಾಡಿ ನಿಂತಿದೆ, ಕೀ ತಿರುಗಿಸಿದ್ರೆ ಕರ್ರ್ ಕರ್ರ್ ಅನ್ನುತ್ತೆ, ಎಂಜಿನ್ ಮಾತ್ರ ಹತ್ತಿಕೊಳ್ಳಲ್ಲ. ಮೆಕ್ಯಾನಿಕ್ ಬಂದು "ಎಂಜಿನ್ ಬಿಚ್ಚಬೇಕು" ಅಂತಾರೆ. ಆಗ ಏನು ಮಾಡೋದು? ಅರವತ್ತು ಸಾವಿರ ಖರ್ಚು ಮಾಡೋದಾ, ಗುಜರಿಗೆ ಹಾಕೋದಾ, ಅಥವಾ ಅದಕ್ಕೂ ಮೊದಲು ನಾವೇ ನೋಡಬಹುದಾದದ್ದು ಏನಾದ್ರೂ ಇದೆಯಾ?

ವೀಡಿಯೊ ನೋಡೋಕೆ ಸಮಯ ಇಲ್ಲದವರಿಗೆ, ಗಾಡಿ ಪಕ್ಕ ನಿಂತು ಒಂದೊಂದೇ ಹಂತ ಓದಿಕೊಂಡು ಮಾಡೋರಿಗೆ ಅಂತ ಇಲ್ಲಿ ಎಲ್ಲವನ್ನೂ ಬರೆದು ಹಾಕಿದ್ದೀನಿ.

ಗಾಡಿ ಯಾವುದು, ಎಲ್ಲಿತ್ತು

ನಮ್ಮ ಸೋದರಮಾವ ಸಾಸವಡದಲ್ಲಿ ಇದ್ದಾರೆ. ಪುಣೆಯಿಂದ ಹಡಪಸರ ದಾಟಿ, ದಿವೇ ಘಾಟ್ ಹತ್ತಿದ್ರೆ ಸಿಗೋ ಊರು. ಪುರಂದರ ತಾಲೂಕಿನ ಕೇಂದ್ರ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇರೋದು ಇಲ್ಲೇ, ಕರ್ಹಾ ನದಿ ದಂಡೆಯಲ್ಲಿ. ಆಷಾಢದ ಪಲ್ಲಕ್ಕಿ ಇದೇ ಘಾಟ್ ಹತ್ತಿ ಬರುತ್ತೆ. ನಮ್ಮ ಕಡೆಯವರು ಮೈಲಾರಲಿಂಗ ಅಂತ ನಡೆದುಕೊಳ್ಳೋ ಜೇಜುರಿ ಖಂಡೋಬನ ಗುಡಿಗೆ ಹೋಗೋ ದಾರಿಯೂ ಇದೇ. ಸುತ್ತ ಅಂಜೂರ, ಸೀತಾಫಲದ ತೋಟಗಳು. ಅಂಥದ್ದೊಂದು ತೋಟದ ಮನೆಯ ತಗಡಿನ ಶೆಡ್‌ನಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ನಿಂತಿತ್ತು.

ಪದ್ಮಿನಿ ಅಂದ್ರೆ ಇಟಲಿಯ ಫಿಯಾಟ್ 1100. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬೈನ ಕುರ್ಲಾದಲ್ಲಿ ಅದನ್ನ ತಯಾರು ಮಾಡ್ತಿದ್ರು. ಪದ್ಮಿನಿ ಅನ್ನೋ ಹೆಸರು ಬಂದದ್ದು 1970ರ ದಶಕದಲ್ಲಿ. 1089 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್. ಮುಂಬೈನ ಕಾಳಿ-ಪೀಲಿ ಟ್ಯಾಕ್ಸಿ ಅಂದ್ರೆ ಇದೇ. ಆ ಟ್ಯಾಕ್ಸಿಗಳಲ್ಲಿ ಕೊನೆಯದಕ್ಕೆ ಇಪ್ಪತ್ತು ವರ್ಷದ ಗಡುವು ಮುಗಿದು, 2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿ ಮುಂಬೈ ರಸ್ತೆಯಿಂದ ಹೋಯ್ತು. ಖಾಸಗಿಯವರ ಮನೆಗಳಲ್ಲಿ ಮಾತ್ರ ಇನ್ನೂ ಅಲ್ಲಲ್ಲಿ ಉಳಿದುಕೊಂಡಿವೆ.

ಮಾವನ ಗಾಡಿ ಒಂದು ಮಳೆಗಾಲ ಪೂರ್ತಿ ನಿಂತೇ ಇತ್ತು. ಆಮೇಲೆ ಸ್ಟಾರ್ಟ್ ಆಗಲಿಲ್ಲ. ಬಂದು ನೋಡಿದ ಮೆಕ್ಯಾನಿಕ್ "ರಿಂಗ್ ಹೋಗಿವೆ, ಕಂಪ್ರೆಷನ್ ಇಲ್ಲ, ಎಂಜಿನ್ ಕೆಳಗಿಳಿಸಬೇಕು" ಅಂದ್ರು. ಮಾವನಿಗೆ ಎಪ್ಪತ್ತೆರಡು ವರ್ಷ. ಅವರು ಫೋನ್‌ನಲ್ಲಿ ನನಗೆ ಹೇಳಿದ್ದು ಒಂದೇ ಮಾತು: "ಗುಜರಿಯವನು ಭಾನುವಾರ ಬರ್ತೀನಿ ಅಂದಿದ್ದಾನೆ. ಅದಕ್ಕೆ ಮುಂಚೆ ಒಂದ್ಸಲ ಬಂದು ನೋಡಿ ಹೋಗು." ನಾನು ಶನಿವಾರ ಬೆಳಿಗ್ಗೆ ಹೋದೆ.

ಮೊದಲು ಒಂದು ತರ್ಕ

ಕಾರಿನ ಬಾನೆಟ್ ಎತ್ತೋದಕ್ಕೆ ಮುಂಚೆ ತಲೆಯಲ್ಲಿ ಒಂದು ವಿಷಯ ಸ್ಪಷ್ಟ ಇರಬೇಕು. ಪೆಟ್ರೋಲ್ ಎಂಜಿನ್ ಹತ್ತಿಕೊಳ್ಳೋಕೆ ಬೇಕಾದ್ದು ನಾಲ್ಕೇ: ಸಾಕಷ್ಟು ಜೋರಾಗಿ ತಿರುಗೋದು, ಸರಿಯಾದ ಸಮಯಕ್ಕೆ ಕಿಡಿ, ಗಾಳಿ ಜೊತೆ ಸರಿಯಾದ ಅಳತೆಯಲ್ಲಿ ಪೆಟ್ರೋಲ್, ಆ ಮಿಶ್ರಣವನ್ನ ಒತ್ತೋ ಕಂಪ್ರೆಷನ್.

ಈಗ ಯೋಚನೆ ಮಾಡಿ. ಕಂಪ್ರೆಷನ್ ಹೋಗೋದು ನಿಧಾನ. ರಿಂಗ್ ಸವೆಯೋದಕ್ಕೆ ವರ್ಷಗಟ್ಟಲೆ ಬೇಕು, ಅದೂ ಗಾಡಿ ಓಡಿದಾಗ. ನಿಂತಿದ್ದ ಗಾಡಿಯ ನಾಲ್ಕೂ ಸಿಲಿಂಡರ್ ಒಂದೇ ಮಳೆಗಾಲದಲ್ಲಿ ಸವೆದು ಹೋಗಲ್ಲ. ತುಕ್ಕು ಹಿಡಿದು ರಿಂಗ್ ಅಂಟಿಕೊಳ್ಳಬಹುದು, ವಾಲ್ವ್ ಅಂಟಿಕೊಳ್ಳಬಹುದು, ಅದು ಬೇರೆ. ಆದ್ರೆ ನಿಂತ ಗಾಡಿಯಲ್ಲಿ ಮೊದಲು ಕೆಡೋದು ಬ್ಯಾಟರಿ, ಆಮೇಲೆ ಪಾಯಿಂಟ್, ಆಮೇಲೆ ಪೆಟ್ರೋಲ್ ಮತ್ತು ರಬ್ಬರ್. ಹಾಗಾಗಿ ನಾವು ಹುಡುಕೋದೂ ಅದೇ ಕ್ರಮದಲ್ಲಿ. ಸುಲಭವಾದದ್ದು, ಖರ್ಚಿಲ್ಲದ್ದು ಮೊದಲು. ಎಂಜಿನ್ ಬಿಚ್ಚೋದು ಕೊನೆಗೆ.

ಇನ್ನೊಂದು ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಪಾಯಿಂಟ್, ಕಾಯಿಲ್ ಎಲ್ಲಾ ಒಟ್ಟಿಗೆ ಹೊಸದು ಹಾಕಿದ್ರೆ ಗಾಡಿ ಸ್ಟಾರ್ಟ್ ಆಗಬಹುದು, ಆದ್ರೆ ಯಾವುದು ಕೆಟ್ಟಿತ್ತು ಅಂತ ನಿಮಗೆ ಗೊತ್ತಾಗಲ್ಲ. ಸ್ಟಾರ್ಟ್ ಆಗದೇ ಹೋದ್ರೆ ಹೊಸ ಪಾರ್ಟ್ ಮೇಲೂ ಅನುಮಾನ ಶುರು ಆಗುತ್ತೆ.

ಬೆಂಕಿಯ ಮಾತು

ಇದನ್ನ ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಗಾಡಿಯನ್ನ ಶೆಡ್‌ನಿಂದ ತಳ್ಳಿ ಬಯಲಿಗೆ ತನ್ನಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಇಡಿ. ಕೈಯಲ್ಲಿ ಉಂಗುರ, ಕಡಗ ಇದ್ರೆ ತೆಗೆದಿಡಿ. ಬ್ಯಾಟರಿಯ ಎರಡು ತುದಿಗೆ ತಾಗಿದ್ರೆ ಉಂಗುರ ಕೆಂಪಗೆ ಕಾಯುತ್ತೆ. ಪಕ್ಕದಲ್ಲಿ ಪುಡಿಯ ಅಗ್ನಿಶಾಮಕ ಇರಲಿ. ಅದಿಲ್ಲದಿದ್ರೆ ಒಂದು ಬಕೆಟ್ ಒಣ ಮರಳು, ಒಂದು ದಪ್ಪ ಒದ್ದೆ ಗೋಣಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನ ಹರಡುತ್ತೆ.

ಲೋಟದಲ್ಲಿ ಪೆಟ್ರೋಲ್ ತಂದು ಕಾರ್ಬ್ಯುರೇಟರ್ ಬಾಯಿಗೆ ಸುರಿಯುತ್ತಾ ಇನ್ನೊಬ್ಬರಿಗೆ ಸೆಲ್ಫ್ ಹೊಡಿ ಅನ್ನೋರನ್ನ ನೀವೂ ನೋಡಿರ್ತೀರಿ. ಎಂಜಿನ್ ಒಂದು ಸಲ ಹಿಂದಕ್ಕೆ ಸಿಡಿದ್ರೆ ಆ ಜ್ವಾಲೆ ಕಾರ್ಬ್ಯುರೇಟರ್ ಬಾಯಿಂದ ಹೊರಗೆ ಬರುತ್ತೆ, ಲೋಟ ಕೈಯಲ್ಲೇ ಇರುತ್ತೆ. ಇದನ್ನ ಯಾವ ಕಾರಣಕ್ಕೂ ಮಾಡಬೇಡಿ.

ಒಂದನೇ ಹಂತ: ಶಬ್ದ ಕೇಳಿ

ಕೀ ತಿರುಗಿಸಿದಾಗ ಏನು ಕೇಳುತ್ತೆ ಅನ್ನೋದೇ ಅರ್ಧ ಉತ್ತರ.

ಏನೂ ಶಬ್ದ ಇಲ್ಲ, ದೀಪವೂ ಇಲ್ಲ ಅಂದ್ರೆ ಬ್ಯಾಟರಿ ಪೂರ್ತಿ ಖಾಲಿ ಅಥವಾ ಟರ್ಮಿನಲ್ ಸಂಪರ್ಕ ಇಲ್ಲ. ಒಂದೇ ಒಂದು "ಟಕ್" ಅಂತ ಕೇಳಿ ಸುಮ್ಮನಾದ್ರೆ ಬ್ಯಾಟರಿ ಬಡವಾಗಿದೆ, ಇಲ್ಲಾ ಸ್ಟಾರ್ಟರ್ ಮೋಟಾರ್ ಕೈಕೊಟ್ಟಿದೆ. ನಿಧಾನವಾಗಿ, ಸುಸ್ತಾದ ಎತ್ತಿನ ಹಾಗೆ ತಿರುಗಿದ್ರೆ ಬ್ಯಾಟರಿ ಅಥವಾ ಅರ್ತ್ ವೈರ್. ಚೆನ್ನಾಗಿ, ಒಂದೇ ಲಯದಲ್ಲಿ ತಿರುಗ್ತಾ ಇದ್ದು ಹತ್ತಿಕೊಳ್ಳದಿದ್ರೆ ಮಾತ್ರ ಕಿಡಿ, ಪೆಟ್ರೋಲ್ ಕಡೆ ಹೋಗಬೇಕು.

ಮಾವನ ಗಾಡಿ ಮೂರನೇ ಜಾತಿ, ಎತ್ತಿನ ಜಾತಿ. ಮಲ್ಟಿಮೀಟರ್ ಇಟ್ಟು ನೋಡಿದ್ರೆ ಬ್ಯಾಟರಿ 11.8 ವೋಲ್ಟ್. ಪೂರ್ತಿ ಚಾರ್ಜ್ ಆದ, ವಿಶ್ರಾಂತಿಯಲ್ಲಿರೋ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಅಂದ್ರೆ ಅರ್ಧ. 12ಕ್ಕಿಂತ ಕೆಳಗೆ ಅಂದ್ರೆ ಖಾಲಿ ಅಂತಲೇ ಲೆಕ್ಕ. ನನ್ನ ಕಾರಿನಿಂದ ಜಂಪರ್ ಕೇಬಲ್ ಕೊಟ್ವಿ. ಸ್ವಲ್ಪ ಜೋರಾಯ್ತು, ಆದ್ರೂ ಸುಸ್ತು ಹೋಗಲಿಲ್ಲ.

ಹಳೇ ಗಾಡಿಗಳಲ್ಲಿ ಹೆಚ್ಚಿನವರು ನೋಡದೇ ಇರೋ ಜಾಗ ಅರ್ತ್ ಪಟ್ಟಿ. ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ಹೋಗೋ ಹೆಣೆದ ತಾಮ್ರದ ಪಟ್ಟಿ. ಪರೀಕ್ಷೆ ಸುಲಭ: ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ನ ಶುದ್ಧ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದ್ರೆ ಆ ದಾರಿಯಲ್ಲಿ ತಡೆ ಇದೆ. ಇಲ್ಲಿ 1.4 ವೋಲ್ಟ್ ತೋರಿಸ್ತು. ಪಟ್ಟಿ ಬಿಚ್ಚಿದ್ರೆ ಬೋಲ್ಟ್ ಕೆಳಗೆ ಹಸಿರು ಪಾಚಿ ಹಾಗೆ ತುಕ್ಕು. ಮರಳು ಕಾಗದದಲ್ಲಿ ತಿಕ್ಕಿ, ಬಿಗಿದು ಹಾಕಿದ ಮೇಲೆ ಎಂಜಿನ್ ಹೊಸ ಗಾಡಿ ಹಾಗೆ ತಿರುಗ್ತು. ಹತ್ತಿಕೊಳ್ಳಲಿಲ್ಲ, ಆದ್ರೆ ಒಂದು ದೋಷ ಹೋಯ್ತು.

ಸೆಲ್ಫ್ ಹೊಡೆಯೋವಾಗ ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ, ಮಧ್ಯೆ ಒಂದು ನಿಮಿಷ ಬಿಡಿ. ಸ್ಟಾರ್ಟರ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತೆ, ಬಿಡುವಿಲ್ಲದೆ ಹೊಡೆದ್ರೆ ಸುಟ್ಟು ಹೋಗುತ್ತೆ.

ಎರಡನೇ ಹಂತ: ಕಿಡಿ

ಡಿಸ್ಟ್ರಿಬ್ಯೂಟರ್‌ಗೆ ನಮ್ಮ ಗ್ಯಾರೇಜುಗಳಲ್ಲಿ "ಡೆಲ್ಕೊ" ಅಂತಾರೆ. ಅದರ ಒಳಗಿರೋ ಪಾಯಿಂಟ್ ಅನ್ನೋದು ಒಂದು ಸಣ್ಣ ಸ್ವಿಚ್. ಪಾಯಿಂಟ್ ಮುಚ್ಚಿದಾಗ ಕಾಯಿಲ್‌ನ ದಪ್ಪ ಸುತ್ತಿನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ತುಂಬಿಕೊಳ್ಳುತ್ತೆ. ಪಾಯಿಂಟ್ ತೆರೆದ ಕ್ಷಣ ಆ ಕ್ಷೇತ್ರ ಕುಸಿಯುತ್ತೆ, ಕಾಯಿಲ್‌ನ ಸಣ್ಣ ತಂತಿಯ ಸಾವಿರಾರು ಸುತ್ತಿನಲ್ಲಿ ಹತ್ತು ಸಾವಿರ ವೋಲ್ಟ್‌ಗೂ ಮೀರಿ ಒತ್ತಡ ಹುಟ್ಟುತ್ತೆ. ಅದೇ ಪ್ಲಗ್‌ನಲ್ಲಿ ಕಿಡಿ ಆಗೋದು. ಅಂದ್ರೆ ಕಿಡಿ ಹುಟ್ಟೋದು ಪಾಯಿಂಟ್ ಮುಚ್ಚಿದಾಗ ಅಲ್ಲ, ತೆರೆದಾಗ. ಪಾಯಿಂಟ್ ಮೇಲೆ ತೆಳ್ಳಗೆ ತುಕ್ಕಿನ ಪದರ ಕೂತಿದ್ರೆ ಅದು ಮುಚ್ಚಿದ್ರೂ ಕರೆಂಟ್ ಹರಿಯಲ್ಲ. ಕರೆಂಟ್ ಹರಿಯದಿದ್ರೆ ಕುಸಿಯೋಕೆ ಕ್ಷೇತ್ರವೇ ಇಲ್ಲ.

ಪರೀಕ್ಷೆ: ಒಂದು ಪ್ಲಗ್ ಬಿಚ್ಚಿ, ವೈರ್‌ಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈ ಎಂಜಿನ್ ಬ್ಲಾಕ್‌ಗೆ ತಾಗೋ ಹಾಗೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿಯಿರಿ. ಬಿಚ್ಚಿದ ಪ್ಲಗ್‌ನ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತೆ. ಸೆಲ್ಫ್ ಹೊಡೆಸಿ. ನೀಲಿ, ಚುರುಕಾದ ಕಿಡಿ, ಚಟ್ ಚಟ್ ಅನ್ನೋ ಶಬ್ದ ಬಂದ್ರೆ ಒಳ್ಳೇದು. ಕೆಂಪು, ಹಳದಿ, ದಾರದಂಥ ಕಿಡಿ ಬಂದ್ರೆ ಬಡ ಕಿಡಿ. ಹೊರಗಿನ ಗಾಳಿಯಲ್ಲಿ ಕಾಣೋ ಬಡ ಕಿಡಿ, ಸಿಲಿಂಡರ್ ಒಳಗಿನ ಒತ್ತಡದಲ್ಲಿ ಬರದೇನೇ ಇರಬಹುದು.

ನಮಗೆ ಕಿಡಿಯೇ ಬರಲಿಲ್ಲ. ಆಗ ಹಿಂದಕ್ಕೆ ಹೋಗಬೇಕು. ಇಗ್ನಿಷನ್ ಆನ್ ಮಾಡಿ ಕಾಯಿಲ್‌ನ ಪಾಸಿಟಿವ್‌ನಲ್ಲಿ 12 ವೋಲ್ಟ್ ಇದೆಯಾ? ಇತ್ತು. ಕಾಯಿಲ್‌ನ ಇನ್ನೊಂದು ತುದಿಯಲ್ಲಿ, ಅಂದ್ರೆ ಪಾಯಿಂಟ್ ಕಡೆ, ಪಾಯಿಂಟ್ ತೆರೆದಾಗ 12, ಮುಚ್ಚಿದಾಗ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಇಲ್ಲಿ ಯಾವಾಗಲೂ 12. ಅಂದ್ರೆ ಪಾಯಿಂಟ್ ಮುಚ್ಚಿದ್ರೂ ಮುಚ್ಚಿಲ್ಲದ ಹಾಗೇ. ಕ್ಯಾಪ್ ತೆಗೆದು ನೋಡಿದ್ರೆ ಪಾಯಿಂಟ್ ಮುಖದ ಮೇಲೆ ಬೂದು ಬಣ್ಣ. ಸಣ್ಣ ಮರಳು ಕಾಗದವನ್ನ ಮಡಿಸಿ ನಡುವೆ ಎಳೆದು, ಆಮೇಲೆ ಶುದ್ಧ ಬಿಳಿ ಕಾಗದ ಎಳೆದು ಪುಡಿ ತೆಗೆದ್ವಿ. ಅಂತರವನ್ನ ಫೀಲರ್ ಗೇಜ್‌ನಲ್ಲಿ 0.45 ಮಿ.ಮೀ. ಗೆ ಕೂರಿಸಿದ್ವಿ. ಗೇಜ್ ಇಲ್ಲದ ಜಾಗದಲ್ಲಿ ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಮನೆ ಮುಟ್ಟಿಸುತ್ತೆ, ಆದ್ರೆ ಅದು ತಾತ್ಕಾಲಿಕ.

ಈಗ ನೀಲಿ ಕಿಡಿ ಬಂತು. ಪಾಯಿಂಟ್ ಸರಿ ಮಾಡಿದ ಮೇಲೂ ಬರದಿದ್ರೆ ಮುಂದಿನ ಅನುಮಾನ ಕಂಡೆನ್ಸರ್, ರೋಟರ್, ಕ್ಯಾಪ್, ಕಾಯಿಲ್, ಈ ಕ್ರಮದಲ್ಲಿ. ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗ್ತಿದ್ರೆ ಕಂಡೆನ್ಸರ್ ಹೋಗಿದೆ ಅಂತ ಅರ್ಥ. ಕ್ಯಾಪ್ ಒಳಗೆ ಪೆನ್ಸಿಲ್ ಗೆರೆ ಹಾಗೆ ಕಪ್ಪು ದಾರಿ ಕಂಡ್ರೆ ಕಿಡಿ ಪ್ಲಗ್‌ಗೆ ಹೋಗದೆ ಅಲ್ಲೇ ಸೋರ್ತಿದೆ, ಕ್ಯಾಪ್ ಬದಲಿಸಿ. ಮಳೆಗಾಲದಲ್ಲಿ ಬರೀ ತೇವದಿಂದಲೂ ಹೀಗಾಗುತ್ತೆ, ಒಣ ಬಟ್ಟೆಯಲ್ಲಿ ಒರೆಸಿದ್ರೆ ಸಾಕು.

ಇನ್ನೊಂದು. ಪ್ಲಗ್ ವೈರ್‌ಗಳನ್ನ ಒಟ್ಟಿಗೆ ಬಿಚ್ಚಬೇಡಿ. ಈ ಎಂಜಿನ್‌ನಲ್ಲಿ ಕಿಡಿ ಹೋಗೋ ಕ್ರಮ 1-3-4-2. ಎರಡು ವೈರ್ ಅದಲುಬದಲಾದ್ರೆ ಕಿಡಿ ಚೆನ್ನಾಗೇ ಇರುತ್ತೆ, ಪೆಟ್ರೋಲ್ ಚೆನ್ನಾಗೇ ಬರುತ್ತೆ, ಗಾಡಿ ಮಾತ್ರ ಸಿಡಿದು ಸುಮ್ಮನಾಗುತ್ತೆ. ಹಿಂದೆ ಯಾರೋ ರಿಪೇರಿ ಮಾಡಿದ ಗಾಡಿಯಲ್ಲಿ ಇದನ್ನ ಮೊದಲೇ ನೋಡಿ.

ಮೂರನೇ ಹಂತ: ಎರಡು ಸೆಕೆಂಡಿನ ಪರೀಕ್ಷೆ

ಕಿಡಿ ಇದೆ, ಎಂಜಿನ್ ತಿರುಗುತ್ತೆ, ಆದ್ರೂ ಹತ್ತಿಕೊಳ್ಳಲ್ಲ. ಪ್ಲಗ್ ಬಿಚ್ಚಿ ನೋಡಿದ್ರೆ ಅದರ ಮೂತಿ ಒಣಗಿತ್ತು, ಪೆಟ್ರೋಲ್ ವಾಸನೆಯೇ ಇಲ್ಲ. ಒದ್ದೆ ಇದ್ದಿದ್ರೆ ಜಾಸ್ತಿ ಪೆಟ್ರೋಲ್ ಹೋಗಿದೆ ಅಂತ. ಒಣಗಿದ್ರೆ ಬರ್ತಾನೇ ಇಲ್ಲ ಅಂತ.

ಈಗ ಮುಖ್ಯವಾದ ಪರೀಕ್ಷೆ. ಔಷಧಿ ಅಂಗಡಿಯ ಸಿರಿಂಜ್‌ನಲ್ಲಿ ಎರಡು ಮೂರು ಮಿಲಿಲೀಟರ್ ತಾಜಾ ಪೆಟ್ರೋಲ್ ತಗೊಂಡು ಕಾರ್ಬ್ಯುರೇಟರ್ ಬಾಯಿಗೆ ಬಿಡಿ. ಪೆಟ್ರೋಲ್ ಡಬ್ಬಿ ಮುಚ್ಚಿ ದೂರ ಇಡಿ. ಏರ್ ಕ್ಲೀನರ್ ವಾಪಸ್ ಕೂರಿಸಿ. ಎಲ್ಲರೂ ಬಾನೆಟ್‌ನಿಂದ ಹಿಂದೆ ಸರಿಯಿರಿ. ಆಮೇಲೆ, ಆಮೇಲೆ ಮಾತ್ರ, ಸೆಲ್ಫ್ ಹೊಡೆಯಿರಿ.

ಮಾವನ ಪದ್ಮಿನಿ "ಭುರ್ರ್" ಅಂತ ಎರಡು ಸೆಕೆಂಡ್ ಓಡಿ ನಿಂತು ಹೋಯ್ತು.

ಆ ಎರಡು ಸೆಕೆಂಡ್ ಎಷ್ಟು ಹೇಳ್ತು ನೋಡಿ. ಕಿಡಿ ಸರಿ ಇದೆ. ಟೈಮಿಂಗ್ ಓಡೋವಷ್ಟು ಸರಿ ಇದೆ. ಕಂಪ್ರೆಷನ್ ಓಡೋವಷ್ಟು ಇದೆ. ಇಲ್ಲದೇ ಇರೋದು ಪೆಟ್ರೋಲ್ ಮಾತ್ರ. ಎಂಜಿನ್ ಬಿಚ್ಚಬೇಕು ಅನ್ನೋ ಮಾತು ಸ್ಟಾರ್ಟ್ ಆಗದಿರೋದಕ್ಕೆ ಉತ್ತರ ಅಲ್ಲ ಅಂತ ಅಲ್ಲಿಗೆ ಖಚಿತ ಆಯ್ತು. ಮಾವ ಏನೂ ಮಾತಾಡಲಿಲ್ಲ, ಒಳಗೆ ಹೋಗಿ ಚಹಾ ತಂದ್ರು.

ನಾಲ್ಕನೇ ಹಂತ: ಪೆಟ್ರೋಲ್ ಎಲ್ಲಿ ನಿಂತಿದೆ

ಪೆಟ್ರೋಲ್ ಹಿಂದಿನ ಟ್ಯಾಂಕ್‌ನಿಂದ ಮುಂದಿನ ಪಂಪ್‌ಗೆ ಬರಬೇಕು. ನಮ್ಮ ಮೆಕ್ಯಾನಿಕ್‌ಗಳು "ಎಸಿ ಪಂಪ್" ಅಂತಾರಲ್ಲ, ಅದೇ. ಒಳಗೆ ಒಂದು ಡಯಾಫ್ರಾಮ್, ಎಂಜಿನ್‌ನ ಕ್ಯಾಮ್ ಅದನ್ನ ಮೇಲೆ ಕೆಳಗೆ ಆಡಿಸುತ್ತೆ. ಕಾರ್ಬ್ಯುರೇಟರ್‌ಗೆ ಹೋಗೋ ಪೈಪ್ ಬಿಚ್ಚಿ, ಒಂದು ಪಾರದರ್ಶಕ ಬಾಟಲಿಗೆ ಇಳಿಬಿಡಿ. ಕಾಯಿಲ್‌ನ ವೈರ್ ತೆಗೆದಿಡಿ, ಕಿಡಿ ಬರಬಾರದು. ಸೆಲ್ಫ್ ಹೊಡೆದ್ರೆ ಪಿಚಕ್ ಪಿಚಕ್ ಅಂತ ಪೆಟ್ರೋಲ್ ಬರಬೇಕು.

ನಮಗೆ ಬಂದದ್ದು ಗುಳ್ಳೆ. ಸ್ವಲ್ಪ ಪೆಟ್ರೋಲ್, ಜಾಸ್ತಿ ಗಾಳಿ. ಗುಳ್ಳೆ ಅಂದ್ರೆ ಪಂಪ್ ಎಳೀತಿದೆ, ಆದ್ರೆ ಪಂಪ್‌ಗೂ ಟ್ಯಾಂಕ್‌ಗೂ ನಡುವೆ ಎಲ್ಲೋ ಗಾಳಿ ನುಗ್ತಿದೆ. ಇದು ಮೋಸದ ದೋಷ. ಪಂಪ್‌ನಿಂದ ಮುಂದಿನ ಪೈಪ್ ಒಡೆದ್ರೆ ಪೆಟ್ರೋಲ್ ಹೊರಗೆ ಸೋರಿ ಕಾಣುತ್ತೆ. ಹಿಂದಿನ ಪೈಪ್‌ನಲ್ಲಿ ಎಳೆತ ಇರೋದು, ಒತ್ತಡ ಅಲ್ಲ. ಅಲ್ಲಿ ಬಿರುಕು ಬಿಟ್ಟರೆ ಹನಿಯೂ ಹೊರಗೆ ಬೀಳದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತೆ. ಪಂಪ್ ಹತ್ತಿರದ ಒಂದು ಗೇಣು ಉದ್ದದ ರಬ್ಬರ್ ಹೋಸ್ ಬಗ್ಗಿಸಿ ನೋಡಿದ್ರೆ ಒಣಗಿದ ಕೆರೆಯ ತಳದ ಹಾಗೆ ಬಿರುಕು.

ಇಲ್ಲಿ ಎಥೆನಾಲ್ ವಿಷಯ ಹೇಳಲೇಬೇಕು. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟ ಶುರುವಾದದ್ದು 2023ರ ಫೆಬ್ರವರಿಯಲ್ಲಿ, ಅದಕ್ಕೆ ಚಾಲನೆ ಕೊಟ್ಟದ್ದು ಬೆಂಗಳೂರಲ್ಲಿ. ಎರಡೇ ವರ್ಷದಲ್ಲಿ ಅದು ದೇಶದ ಎಲ್ಲಾ ಕಡೆ ಸಾಮಾನ್ಯ ಪೆಟ್ರೋಲ್ ಆಗಿಬಿಟ್ಟಿತು. ಹೊಸ ಗಾಡಿಗಳ ರಬ್ಬರ್ ಇದಕ್ಕೆ ತಕ್ಕ ಹಾಗೆ ಮಾಡಿದ್ದಾರೆ. ಪದ್ಮಿನಿ, ಅಂಬಾಸಿಡರ್ ಕಾಲದ ರಬ್ಬರ್ ಹೋಸ್, ಪಂಪ್ ಡಯಾಫ್ರಾಮ್, ಕಾರ್ಬ್ಯುರೇಟರ್ ವಾಷರ್‌ಗಳನ್ನ ಎಥೆನಾಲ್ ಗಮನದಲ್ಲಿ ಇಟ್ಟುಕೊಂಡು ಮಾಡಿರಲಿಲ್ಲ. ಅವು ಉಬ್ಬುತ್ತವೆ, ಗಟ್ಟಿಯಾಗುತ್ತವೆ, ಬಿರಿಯುತ್ತವೆ. ಜೊತೆಗೆ ಎಥೆನಾಲ್ ಗಾಳಿಯ ತೇವ ಹೀರುತ್ತೆ. ತಿಂಗಳುಗಟ್ಟಲೆ ನಿಂತ ಟ್ಯಾಂಕ್‌ನಲ್ಲಿ ನೀರು ಜಾಸ್ತಿಯಾದ್ರೆ ನೀರೂ ಎಥೆನಾಲೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಎಂಜಿನ್ ಎಳೆಯೋದು ತಳದಿಂದಲೇ. ಹಳೇ ಟ್ಯಾಂಕ್‌ನ ಒಳಮೈಗೆ ಅಂಟಿಕೊಂಡಿದ್ದ ಜಿಡ್ಡನ್ನೂ ಎಥೆನಾಲ್ ಕರಗಿಸಿ ಕಾರ್ಬ್ಯುರೇಟರ್‌ಗೆ ಕಳಿಸುತ್ತೆ. "ಕಚರಾ ಬಂದಿದೆ" ಅಂತ ಮೆಕ್ಯಾನಿಕ್ ಹೇಳೋದು ಇದನ್ನೇ.

ಟ್ಯಾಂಕ್‌ನಿಂದ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ತೆಗೆದು ಅರ್ಧ ಗಂಟೆ ನೆರಳಲ್ಲಿ ಇಡಿ. ಎರಡು ಪದರ ಕಂಡ್ರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಮಾವನ ಟ್ಯಾಂಕ್‌ನ ಬಾಟಲಿಯಲ್ಲಿ ತಳಕ್ಕೆ ಒಂದು ಬೆರಳಷ್ಟು ಮಬ್ಬು ಪದರ ಇತ್ತು. ಖಾಲಿ ಮಾಡಿದ್ವಿ. ಆ ಪೆಟ್ರೋಲನ್ನ ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ಡಬ್ಬಿಗೆ ಮುಚ್ಚಿ ಹಾಕಿ ಗ್ಯಾರೇಜ್‌ಗೆ ಕೊಡಿ.

ಹೊಸ ಹೋಸ್ ತರೋವಾಗ ಅಂಗಡಿಯಲ್ಲಿ ಎಥೆನಾಲ್ ತಾಳೋ ಪೆಟ್ರೋಲ್ ಹೋಸ್ ಅಂತಲೇ ಕೇಳಿ. ನೀರಿನ ಪೈಪ್ ಹಾಕಬೇಡಿ. ಹೋಸ್, ಎರಡು ಕ್ಲಿಪ್, ಒಂದು ಸಣ್ಣ ಫಿಲ್ಟರ್, ಐದು ಲೀಟರ್ ಪೆಟ್ರೋಲ್. ಸಾವಿರ ರೂಪಾಯಿ ಒಳಗೆ ಮುಗೀತು. ಚೋಕ್ ಎಳೆದು ಸೆಲ್ಫ್ ಹೊಡೆದ್ರೆ ಪಂಪ್ ತುಂಬಿಕೊಳ್ಳೋಕೆ ಸ್ವಲ್ಪ ಹೊತ್ತು ತಗೊಂಡು, ಮೂರನೇ ಸಲಕ್ಕೆ ಪದ್ಮಿನಿ ಹತ್ತಿಕೊಳ್ತು.

ಮೆಕ್ಯಾನಿಕ್ ಪೂರ್ತಿ ತಪ್ಪಲ್ಲ

ಇಲ್ಲಿಗೆ ಕಥೆ ನಿಲ್ಲಿಸಿದ್ರೆ ಚಪ್ಪಾಳೆ ಸಿಗುತ್ತೆ, ಆದ್ರೆ ಸತ್ಯ ಪೂರ್ತಿ ಆಗಲ್ಲ. ಎಂಜಿನ್ ಬಿಸಿ ಆದ ಮೇಲೆ ನಾವು ಕಂಪ್ರೆಷನ್ ಕೂಡ ನೋಡಿದ್ವಿ. ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ವೈರ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಂದೊಂದು ಸಿಲಿಂಡರ್‌ಗೂ ಐದಾರು ಸುತ್ತು. ಬಂದ ಅಂಕಿ: 118, 115, 92, 117 ಪಿಎಸ್‌ಐ.

ಸಾಸವಡ ಸಮುದ್ರಮಟ್ಟದಿಂದ 700 ಮೀಟರ್‌ಗಿಂತ ಮೇಲಿದೆ. ಗಾಳಿಯ ಒತ್ತಡ ಮುಂಬೈಗಿಂತ ಸುಮಾರು ಶೇಕಡಾ 8 ಕಡಿಮೆ, ಹಾಗಾಗಿ ಗೇಜ್ ಕೂಡ ಅಷ್ಟು ಕಡಿಮೆ ತೋರಿಸುತ್ತೆ. ಅದಕ್ಕೇ ಪುಸ್ತಕದ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಮೂರು ಒಂದೇ ಥರ, ಮೂರನೇ ಸಿಲಿಂಡರ್ ಒಂದೇ ಕೆಳಗೆ. ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದ್ರೆ 108ಕ್ಕೆ ಏರ್ತು. ಆಯಿಲ್ ಹಾಕಿದಾಗ ಏರಿದ್ರೆ ರಿಂಗ್ ಸವೆದಿದೆ, ಯಾಕಂದ್ರೆ ಆಯಿಲ್ ಆ ಸಂದನ್ನ ತಾತ್ಕಾಲಿಕವಾಗಿ ಮುಚ್ಚುತ್ತೆ. ಏರದಿದ್ರೆ ವಾಲ್ವ್ ಕಡೆ ನೋಡಬೇಕು. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಇದ್ರೆ ಹೆಡ್ ಗ್ಯಾಸ್ಕೆಟ್.

ಅಂದ್ರೆ ರಿಂಗ್ ಸವೆದಿದೆ ಅಂತ ಮೆಕ್ಯಾನಿಕ್ ಹೇಳಿದ್ದು ಒಂದು ಸಿಲಿಂಡರ್ ಮಟ್ಟಿಗೆ ನಿಜ. ಆದ್ರೆ ಎಂಜಿನ್ ಸವೆದಿರೋದು ಬೇರೆ, ಸ್ಟಾರ್ಟ್ ಆಗದಿರೋದು ಬೇರೆ. ಒಂದು ಸಿಲಿಂಡರ್ ಸೋತಿದ್ರೂ ಉಳಿದ ಮೂರು ಗಾಡಿಯನ್ನ ಎಬ್ಬಿಸುತ್ತವೆ. ಅವರು ಹೇಳಿದ ಹಾಗೆ ಎಂಜಿನ್ ಬಿಚ್ಚಿ, ರಿಂಗ್ ಹಾಕಿ, ಜೋಡಿಸಿದ್ದಿದ್ರೂ ಆ ಒಡೆದ ಹೋಸ್ ಹಾಗೇ ಇದ್ದಿದ್ರೆ ಗಾಡಿ ಮತ್ತೆ ಸ್ಟಾರ್ಟ್ ಆಗ್ತಿರಲಿಲ್ಲ.

ದಿವೇ ಘಾಟ್ ಮೇಲೆ ನಿಂತರೆ

ಇದೇ ಗಾಡಿ ಬೇಸಿಗೆಯಲ್ಲಿ ಘಾಟ್ ಹತ್ತೋವಾಗ ನಿಂತು, ಆಮೇಲೆ ಅರ್ಧ ಗಂಟೆ ಸ್ಟಾರ್ಟ್ ಆಗದೇ ಇರೋದೂ ಉಂಟು. ಅದು ಬೇರೆ ರೋಗ. ಪಂಪ್ ಎಂಜಿನ್ ಪಕ್ಕದಲ್ಲೇ ಇರೋದ್ರಿಂದ, ನಿಧಾನ ಏರಿನಲ್ಲಿ ಕಾದು, ಪೈಪ್ ಒಳಗೇ ಪೆಟ್ರೋಲ್ ಆವಿಯಾಗುತ್ತೆ. ಪಂಪ್ ದ್ರವ ಎಳೆಯಬಲ್ಲದು, ಆವಿಯನ್ನ ಸುಮ್ಮನೆ ಹಿಂಡಿ ಬಿಡುತ್ತೆ. ಎಥೆನಾಲ್ ಬೆರೆತ ಪೆಟ್ರೋಲ್‌ನಲ್ಲಿ ಇದು ಇನ್ನೂ ಬೇಗ ಆಗಬಹುದು. ಹಳೇ ಡ್ರೈವರ್‌ಗಳು ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಮೂಢನಂಬಿಕೆ ಅಲ್ಲ, ಸರಿಯಾದ ಮದ್ದು. ಬಾನೆಟ್ ಎತ್ತಿ, ಬಟ್ಟೆ ಹಾಕಿ, ಇಪ್ಪತ್ತು ನಿಮಿಷ ಕಾಯಿರಿ. ಚೋಕ್ ಎಳೆದು ಸುಮ್ಮನೆ ಸೆಲ್ಫ್ ಹೊಡೆದು ಬ್ಯಾಟರಿ ಕೊಲ್ಲಬೇಡಿ.

ಒಂದು ವೇಳೆ ಚೋಕ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗಿದ್ರೆ: ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಏಳೆಂಟು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಗಾಳಿ ಜಾಸ್ತಿ ಹೋಗಿ ಒಳಗೆ ಒಣಗುತ್ತೆ.

ರೋಟರಿ ಎಂಜಿನ್ ಆದ್ರೆ?

ಹಳೇ ಮಾಜ್ದಾ ಆರ್‌ಎಕ್ಸ್-7, ಆರ್‌ಎಕ್ಸ್-8 ಇಟ್ಟುಕೊಂಡಿರೋ, ಹೊರದೇಶದಲ್ಲಿರೋ ನಮ್ಮವರಿಗೂ ಇದೇ ಕ್ರಮ ಸಾಕಾ? ಅರ್ಧ ಸಾಕು. ಫೆಲಿಕ್ಸ್ ವ್ಯಾಂಕೆಲ್ ಅವರ ಈ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೂರು ಮೂಲೆಯ ರೋಟರ್ ಒಂದು ಉದ್ದುಂಡನೆಯ ಕೋಣೆಯಲ್ಲಿ ಸುತ್ತುತ್ತೆ. ಜರ್ಮನಿಯ ಎನ್‌ಎಸ್‌ಯು ಅದನ್ನ 1964ರಲ್ಲಿ ಕಾರಿಗೆ ತಂತು, ಹಿರೋಷಿಮಾದ ಮಾಜ್ದಾ 1967ರ ಕಾಸ್ಮೊ ಸ್ಪೋರ್ಟ್‌ನಿಂದ ಹಿಡಿದು 2012ರಲ್ಲಿ ಆರ್‌ಎಕ್ಸ್-8 ನಿಲ್ಲಿಸೋವರೆಗೂ ಬೆಳೆಸ್ತು.

ಬ್ಯಾಟರಿ, ಕಿಡಿ, ಪೆಟ್ರೋಲ್ ಪರೀಕ್ಷೆ ಅದೇ. ವ್ಯತ್ಯಾಸ ಇರೋದು ಕಂಪ್ರೆಷನ್‌ನಲ್ಲಿ. ರೋಟರ್ ಮೂಲೆಗಳಲ್ಲಿ ಇರೋ ಅಪೆಕ್ಸ್ ಸೀಲ್‌ಗಳು ಗೋಡೆಗೆ ಅಂಟಿಕೊಂಡು ಗಾಳಿ ತಡೆಯೋಕೆ ತೆಳ್ಳಗಿನ ಆಯಿಲ್ ಪದರ ಬೇಕು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಗೇಟ್ ಪಕ್ಕ ನಿಲ್ಲಿಸೋಕೆ ಹತ್ತಡಿ ಸರಿಸಿ, ಆಫ್ ಮಾಡಿದ್ರೆ ಒಳಗೆ ಉಳಿದ ಪೆಟ್ರೋಲ್ ಆ ಆಯಿಲ್ ತೊಳೆದುಬಿಡುತ್ತೆ. ಮರುದಿನ ಸೆಲ್ಫ್ ತಿರುಗುತ್ತೆ, ಪ್ಲಗ್ ಒದ್ದೆ, ಕಂಪ್ರೆಷನ್ ಇಲ್ಲ. ಪಿಸ್ಟನ್ ಎಂಜಿನ್‌ನಲ್ಲಿ ಕೊನೆಗೆ ಬರೋ ಅನುಮಾನ ಇಲ್ಲಿ ಒಂದೇ ರಾತ್ರಿಯಲ್ಲಿ ಬರಬಹುದು. ಅದು ಸವೆತ ಅಲ್ಲ, ತೊಳೆದು ಹೋಗಿರೋದು.

ಮದ್ದು: ಪೆಟ್ರೋಲ್ ಪಂಪ್‌ನ ಫ್ಯೂಸ್ ತೆಗೆಯಿರಿ, ಇಗ್ನಿಷನ್ ಕಿಡಿ ನಿಲ್ಲಿಸಿ, ಪ್ಲಗ್ ಬಿಚ್ಚಿ, ಸೆಲ್ಫ್ ಹೊಡೆದು ಒಳಗಿನ ಪೆಟ್ರೋಲ್ ಹೊರಗೆ ಹಾಕಿ. ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಕೈಯಿಂದ ಸುತ್ತಿಸಿ. ಒಣ ಪ್ಲಗ್ ಹಾಕಿ, ಫ್ಯೂಸ್ ಕೂರಿಸಿ, ಹೊಡೆಯಿರಿ. ಹೊಗೆ ಬರುತ್ತೆ, ಹೆದರಬೇಡಿ. ಪ್ರತಿ ರೋಟರ್‌ಗೂ ಎರಡು ಪ್ಲಗ್ ಇರೋದ್ರಿಂದ ವೈರ್‌ಗಳಿಗೆ ಗುರುತು ಹಾಕಿಕೊಳ್ಳಿ. ಇನ್ನು ಮಾಮೂಲಿ ಕಂಪ್ರೆಷನ್ ಗೇಜ್ ರೋಟರ್‌ನ ಮೂರು ಮುಖಗಳಲ್ಲಿ ಅತ್ಯುತ್ತಮವಾದದ್ದನ್ನ ಮಾತ್ರ ತೋರಿಸುತ್ತೆ. ಮೂರು ಬಡಿತವೂ ಸಮನಾಗಿದೆಯಾ ಅಂತ ನೋಡೋ ಗೇಜ್ ಬೇಕು. ಇದು ಗೊತ್ತಿಲ್ಲದೆ ಒಳ್ಳೇ ರೋಟರಿ ಎಂಜಿನ್‌ಗಳನ್ನ ಸತ್ತಿದೆ ಅಂದೋರೂ ಇದ್ದಾರೆ, ಸತ್ತದ್ದನ್ನ ಚೆನ್ನಾಗಿದೆ ಅಂತ ಮಾರಿದೋರೂ ಇದ್ದಾರೆ.

ಭಾನುವಾರ

ಭಾನುವಾರ ಗುಜರಿಯವರು ಬಂದಾಗ ಪದ್ಮಿನಿ ಅಂಗಳದಲ್ಲಿ ಓಡ್ತಾ ನಿಂತಿತ್ತು. ಮಾವ ಅವರಿಗೆ ಹಳೇ ಬ್ಯಾಟರಿ ಕೊಟ್ಟು ಕಳಿಸಿದ್ರು. ಒಂದು ಸಾವಿರ ಕಿಲೋಮೀಟರ್ ಓಡಿಸಿ, ಮೂರನೇ ಸಿಲಿಂಡರ್‌ನ ಅಂಕಿ ಮತ್ತೆ ನೋಡಿ, ಆಮೇಲೆ ರಿಂಗ್ ವಿಷಯ ತೀರ್ಮಾನ ಮಾಡೋಣ ಅಂತ ಮಾತಾಗಿದೆ. ಆಯಿಲ್ ಎಷ್ಟು ಕುಡಿಯುತ್ತೆ ಅಂತ ಕ್ಯಾಲೆಂಡರ್ ಮೇಲೆ ಬರೆದಿಡ್ತಿದ್ದಾರೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಬೇಕು, ನಿಲ್ಲಿಸಿ ಇಡೋದಾದ್ರೆ ಟ್ಯಾಂಕ್‌ನಲ್ಲಿ ಹಳೇ ಪೆಟ್ರೋಲ್ ಬಿಡಬಾರದು, ಇವೆರಡನ್ನೂ ಒಪ್ಪಿದ್ದಾರೆ.

ಎಂಜಿನ್ ಬಿಚ್ಚಬೇಕಾ ಬೇಡವಾ ಅನ್ನೋ ತೀರ್ಮಾನ ಕೊನೆಗೂ ನಿಮ್ಮದೇ. ಆದ್ರೆ ಆ ತೀರ್ಮಾನಕ್ಕೆ ಮುಂಚೆ ಒಂದು ಮಲ್ಟಿಮೀಟರ್, ಒಂದು ಸಿರಿಂಜ್, ಒಂದು ಗಾಜಿನ ಬಾಟಲಿ ತಗೊಂಡು ಒಂದು ಬೆಳಿಗ್ಗೆ ಕಳೆಯಿರಿ. ಮೆಕ್ಯಾನಿಕ್ ಜೊತೆ ಜಗಳ ಬೇಡ. ನೀವು ಕಂಡ ಅಂಕಿಗಳನ್ನ ಬರೆದುಕೊಂಡು ಹೋಗಿ ತೋರಿಸಿ. ಅಂಕಿ ಮುಂದಿಟ್ಟರೆ ಮಾತು ಬೇರೆ ಥರ ಆಗುತ್ತೆ.

ಮುಂದಿನ ಮಾತಿನಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯೋದು ಹೇಗೆ ಅಂತ ನೋಡೋಣ.